ಬೇರಿನ ತಪ್ಪಲ್ಲ, ಸಂದಿನ ತಪ್ಪು



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಹಳೆಯ ನೆನಪುಗಳನ್ನು ಬರೆಯುತ್ತೇನೆ, ಜಗಳಕ್ಕೆ ನಿಲ್ಲುವುದಿಲ್ಲ. ಇಂದು ಜಗಳಕ್ಕೆಂದೇ ಕುಳಿತಿದ್ದೇನೆ. ವಿಷಯವು ಊಟದ ಹೊತ್ತಿನಲ್ಲಿ ಓದತಕ್ಕದ್ದಲ್ಲ, ಏಕೆಂದರೆ ಅದು ಒಳಚರಂಡಿಯದು. ಮಡಿವಂತರಾದ ಬಂಧುಗಳು ಕ್ಷಮಿಸಬೇಕು. ನಮ್ಮ ಬೀದಿಯಲ್ಲಿ ಒಂದು ಮರದ ಪ್ರಾಣಕ್ಕೂ ಒಬ್ಬ ಮನುಷ್ಯನ ಪ್ರಾಣಕ್ಕೂ ಒಂದೇ ತಿಂಗಳಿನಲ್ಲಿ ಸಂಚಕಾರ ಬಂದಿತ್ತು. ಎರಡಕ್ಕೂ ಕಾರಣ ಒಂದೇ ಆಗಿತ್ತು. ಅದನ್ನು ಹೇಳದೆ ಸುಮ್ಮನಿದ್ದರೆ ನಿಮಗೆ ಮೂವತ್ತು ವರ್ಷ ವಿಜ್ಞಾನವನ್ನು ಬೋಧಿಸಿದ್ದು ವ್ಯರ್ಥವಾದೀತು.

ನಮ್ಮ ಮನೆಯಿರುವುದು ಬೆಂಗಳೂರಿನ ದಕ್ಷಿಣ ಭಾಗದ ಒಂದು ಹಳೆಯ ಬಡಾವಣೆಯಲ್ಲಿ. ಮನೆಯ ಮುಂದೆ ಒಂದು ಹೊಂಗೆಮರವಿದೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ನೇತೃತ್ವದಲ್ಲಿ ಈ ನಗರದ ಬೀದಿಗಳಲ್ಲಿ ಹದಿನೈದು ಲಕ್ಷದಷ್ಟು ಸಸಿಗಳನ್ನು ನೆಟ್ಟರಷ್ಟೆ. ನಮ್ಮ ಹೊಂಗೆಯೂ ಆ ಕಾಲದ್ದೇ. ಮನೆಗೆ ಬಂದ ನಿಮ್ಮಲ್ಲಿ ಅನೇಕರು ಅದರ ನೆರಳಿನಲ್ಲಿ ಸೈಕಲ್ಲು ನಿಲ್ಲಿಸಿದ್ದೀರಿ.

ಕಳೆದ ಮಳೆಗಾಲದ ಒಂದು ಮುಂಜಾವಿನಲ್ಲಿ ಬೀದಿಯ ಮೂರು ಮನೆಗಳ ಬಚ್ಚಲಿನಲ್ಲಿ ಕೊಳಚೆ ಮೇಲುಕ್ಕಿ ಬಂದಿತು. ಅವುಗಳಲ್ಲಿ ನಮ್ಮದೂ ಒಂದು. ದೂರು ಕೊಟ್ಟ ಮೇಲೆ ಇಬ್ಬರು ಬಂದು, ಮ್ಯಾನ್‌ಹೋಲ್ ಮುಚ್ಚಳ ತೆಗೆದು, ಬಿದಿರಿನ ದಬ್ಬೆಯನ್ನು ಕೊಳವೆಯೊಳಗೆ ತೂರಿಸಿ ಆಡಿಸಿದರು. ಬಹಳ ಹೊತ್ತಿನ ಬಳಿಕ ಅದರ ತುದಿಗೆ ಸಿಕ್ಕಿಕೊಂಡು ಹೊರಬಂದದ್ದು ಮೊಳದುದ್ದದ ಒಂದು ಜಡೆ. ಕೂದಲಿನಷ್ಟು ಸಣ್ಣ ಬೇರುಗಳು ಹೆಣೆದುಕೊಂಡು, ನಡುನಡುವೆ ಜಿಡ್ಡು, ಬಟ್ಟೆಯ ಚೂರು, ಪ್ಲಾಸ್ಟಿಕ್ಕು ಸಿಕ್ಕಿಕೊಂಡಿದ್ದ ಗಂಟು ಅದು. ನೋಡಿದವರೆಲ್ಲ ಏಕಕಂಠದಿಂದ ತೀರ್ಪು ಕೊಟ್ಟರು: "ಹೊಂಗೆಮರದ್ದು!" ಅಂದು ಸಂಜೆಯೇ ನಿವಾಸಿಗಳ ಸಭೆ ಸೇರಿ, ಮರವನ್ನು ಕಡಿಸಲು ಅರ್ಜಿ ಸಿದ್ಧವಾಯಿತು. "ಮೇಷ್ಟ್ರೇ, ನಿಮ್ಮ ಮನೆ ಮುಂದಿನ ಮರ, ಮೊದಲ ಸಹಿ ನಿಮ್ಮದೇ ಇರಲಿ" ಎಂದು ಕಾಗದವನ್ನು ನನ್ನ ಮುಂದೆ ಚಾಚಿದರು.

ನಾನು ಸಹಿ ಹಾಕಲಿಲ್ಲ. ಏಕೆ ಹಾಕಲಿಲ್ಲವೆಂಬುದೇ ಈ ಬರಹ.

ಎಂಟನೆಯ ತರಗತಿಯಲ್ಲಿ ನಾವು ಮಾಡುತ್ತಿದ್ದ ಒಂದು ಪ್ರಯೋಗವು ನಿಮಗೆ ನೆನಪಿರಬಹುದು. ಒಂದು ಜರಡಿಯಲ್ಲಿ ಒದ್ದೆಯಾದ ಮರದ ಹೊಟ್ಟನ್ನು ತುಂಬಿ, ಅದರಲ್ಲಿ ಕಾಳುಗಳನ್ನು ಹುದುಗಿಸಿ, ಜರಡಿಯನ್ನು ಓರೆಯಾಗಿ ತೂಗುಹಾಕುತ್ತಿದ್ದೆವು. ಮೊಳಕೆಯ ಬೇರುಗಳು ನೆಲದ ಸೆಳೆತಕ್ಕೆ ಓಗೊಟ್ಟು ಜರಡಿಯ ಕಣ್ಣುಗಳಿಂದ ಕೆಳಗಿಳಿಯುತ್ತಿದ್ದವು. ಕೆಳಗೆ ಒಣಗಾಳಿ ತಾಕಿದೊಡನೆ ಬಾಗಿ ಮತ್ತೆ ಒದ್ದೆ ಹೊಟ್ಟಿನತ್ತ ತಿರುಗುತ್ತಿದ್ದವು. ಇದಕ್ಕೆ ಜಲಾನುವರ್ತನೆಯೆಂದು ಹೆಸರು. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಪಡೆದ ನೀವೇ ಇಂದು ಮನೆ ಕಟ್ಟಿಸಿ, ಬೇರು ಕೊಳವೆಗೆ ನುಗ್ಗಿತೆಂದು ಮರವನ್ನು ಶಪಿಸುತ್ತಿದ್ದೀರಿ.

ಬೇರಿನ ತುದಿಯು ಅತ್ಯಂತ ಮೃದುವಾದ ಅಂಗ. ಮಣ್ಣಿನ ಕಣಗಳ ಸಂದಿಯಲ್ಲಿ ದಾರಿ ಹುಡುಕುತ್ತ ಹೋಗುವುದು ಅದರ ಸ್ವಭಾವ. ಗಟ್ಟಿಯಾದ, ಬಿರುಕಿಲ್ಲದ ಕೊಳವೆ ಎದುರಾದರೆ ಅದು ಪಕ್ಕಕ್ಕೆ ಸರಿದು ಮುಂದೆ ಸಾಗುತ್ತದೆ; ಕೊರೆದು ಒಳಹೋಗುವ ಉಪಕರಣವು ಅದರಲ್ಲಿಲ್ಲ. ಆದರೆ ಕೊಳವೆಯ ಸಂದು ಸೋರುತ್ತಿದ್ದರೆ ಸುತ್ತಲಿನ ಮಣ್ಣು ಬೇಸಗೆಯಲ್ಲೂ ತೇವವಾಗಿರುತ್ತದೆ. ಕೊಳಚೆಯೆಂದರೆ ಗಿಡದ ಪಾಲಿಗೆ ನೀರೂ ಹೌದು, ಗೊಬ್ಬರವೂ ಹೌದು. ಬೇರು ಅಲ್ಲಿಗೆ ಹೋಗದೆ ಇನ್ನೆಲ್ಲಿಗೆ ಹೋದೀತು? ಕೂದಲೆಳೆಯಷ್ಟು ಬಿರುಕಿನಲ್ಲಿ ಕೂದಲೆಳೆಯಂತಹ ಬೇರು ಹೊಗುತ್ತದೆ. ಒಳಗೆ ಕತ್ತಲು, ತೇವ, ಆಹಾರ ಮೂರೂ ಇರುವುದರಿಂದ ನೂರಾಗಿ ಕವಲೊಡೆದು ಕೊಳವೆಯ ಮೇಲ್ಭಾಗದಿಂದ ಪರದೆಯಂತೆ ಇಳಿಬೀಳುತ್ತದೆ. ಆ ಪರದೆಗೆ ನಮ್ಮ ಅಡಿಗೆಮನೆಯ ಜಿಡ್ಡು ಅಂಟಿಕೊಳ್ಳುತ್ತದೆ. ಬಿರುಕಿನಲ್ಲಿ ನಿಂತ ಬೇರು ವರ್ಷದಿಂದ ವರ್ಷಕ್ಕೆ ದಪ್ಪವಾಗಿ ಸಂದನ್ನು ಇನ್ನಷ್ಟು ಅಗಲಿಸುವುದೂ ನಿಜವೇ. ಆದರೆ ಅನುಕ್ರಮವನ್ನು ಮರೆಯಬೇಡಿ: ಮೊದಲು ಸೋರಿಕೆ, ಆಮೇಲೆ ಬೇರು. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಸಂದನ್ನು ನೆಟ್ಟಗೆ ಕೂಡಿಸಲಾರದವರು ಬೇರು ಡೊಂಕೆನ್ನುತ್ತಿದ್ದೇವೆ.

ನಮ್ಮ ಹಳೆಯ ಬಡಾವಣೆಗಳ ನೆಲದಡಿಯಲ್ಲಿ ಇರುವುದು ಬಹುಪಾಲು ಮೆರುಗು ಕೊಟ್ಟು ಸುಟ್ಟ ಜೇಡಿಮಣ್ಣಿನ ಕೊಳವೆಗಳು. ಕೊಳವೆ ಕೆಟ್ಟದ್ದಲ್ಲ, ಕೊಳಚೆಯ ಆಮ್ಲವನ್ನು ತಡೆದು ದಶಕಗಟ್ಟಲೆ ಬಾಳುತ್ತದೆ. ದೌರ್ಬಲ್ಯವಿರುವುದು ಸಂದಿನಲ್ಲಿ. ಒಂದರ ಅಗಲವಾದ ಬಾಯಿಗೆ ಮತ್ತೊಂದರ ತುದಿಯನ್ನು ಸೇರಿಸಿ, ಸೆಣಬಿನ ಹುರಿಯನ್ನು ತುರುಕಿ, ಸಮಪ್ರಮಾಣದ ಸಿಮೆಂಟು ಮರಳಿನ ಗಾರೆಯಿಂದ ಮುಚ್ಚುವುದು ಹಳೆಯ ಕ್ರಮ. ಕೊಳವೆಗಳು ತುಂಡುತುಂಡಾಗಿರುವುದರಿಂದ ಒಂದು ಬೀದಿಯೊಳಗೇ ಇಂಥ ಸಂದುಗಳು ನೂರಾರು. ಗಾರೆಗೆ ಬಾಗುವ ಗುಣವಿಲ್ಲ. ಮೇಲೆ ಲಾರಿ ಹೋಗಿ ನೆಲವು ಅರೆ ಬೆರಳಿನಷ್ಟು ಕುಸಿದರೂ ಅದು ಸೀಳುತ್ತದೆ. ರಬ್ಬರಿನ ಉಂಗುರವಿಟ್ಟು ಕೂಡಿಸಿದ ಸಂದುಗಳು, ತುದಿಗಳನ್ನು ಕರಗಿಸಿ ಒಂದಾಗಿಸಿದ ಪಾಲಿಎಥಿಲೀನ್ ಕೊಳವೆಗಳು ಇವೆಯಲ್ಲ, ಅವು ಇಂತಹ ಅಲುಗಾಟವನ್ನು ಸಹಿಸಿಕೊಳ್ಳುತ್ತವೆ.

ಈಗ ಮರವನ್ನು ಕಡಿದರೆ ಏನಾಗುತ್ತದೆಂದು ನೋಡೋಣ. ಸಂದು ಸೋರುತ್ತಲೇ ಇರುತ್ತದೆ. ಬೇಸಗೆಯಲ್ಲಿ ಕೊಳಚೆ ಹೊರಕ್ಕೆ ಇಂಗಿ ನೆಲದ ನೀರಿಗೆ ಸೇರುತ್ತದೆ. ಮಳೆಗಾಲದಲ್ಲಿ ನೆಲದ ನೀರು ಒಳಕ್ಕೆ ನುಗ್ಗಿ ಕೊಳವೆ ತುಂಬುತ್ತದೆ. ಹೊಂಗೆಯು ಬೋಳಿಸಿದ ಮೋಟಿನಿಂದ ಮತ್ತೆ ಚಿಗುರುವ ಜಾತಿಯದು. ಅದು ಸತ್ತರೂ ಎದುರು ಮನೆಯ ಸಂಪಿಗೆಯ ಬೇರು ನಾಳೆ ಅದೇ ಬಿರುಕಿಗೆ ಬರುತ್ತದೆ. ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಹಚ್ಚಿದರೆ ಮನೆ ಹೋಗುತ್ತದೆ. ಇಲಿ ಪಕ್ಕದ ಮನೆಗೆ ಹೋಗುತ್ತದೆ. ಅಲ್ಲದೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. ನೆರೆಯವರು ಅದನ್ನು ಬರಿಯ ಕಾಗದದ ಅಡ್ಡಿಯೆಂದು ಭಾವಿಸಿದ್ದರು.

ಸಭೆಯಲ್ಲಿ ಒಬ್ಬರು ಮತ್ತೊಂದು ಉಪಾಯ ಸೂಚಿಸಿದರು: "ತಿಂಗಳಿಗೊಮ್ಮೆ ಎರಡು ಕಿಲೋ ಮೈಲುತುತ್ತ ಸುರಿದುಬಿಡೋಣ." ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆದು ಬೆಳೆದ ಮನೆಯವನು ನಾನು, ಮೈಲುತುತ್ತದ ಗುಣ ನನಗೆ ಗೊತ್ತು. ಕೊಳವೆಯಲ್ಲಿ ಸುರಿದದ್ದು ನೀರಿನೊಡನೆ ತಳದಲ್ಲಿ ಹರಿದುಹೋಗುತ್ತದೆ; ಬೇರು ಹೊಕ್ಕು ನಿಂತಿರುವುದು ಮೇಲ್ಛಾವಣಿಯಲ್ಲಿ. ತಾಮ್ರವು ಕೊಳೆತು ಇಲ್ಲವಾಗುವ ವಸ್ತುವಲ್ಲ. ಶುದ್ಧೀಕರಣ ಘಟಕದಲ್ಲಿ ಕೊಳಚೆಯನ್ನು ತಿಂದು ನೀರನ್ನು ತಿಳಿಗೊಳಿಸುವ ಸೂಕ್ಷ್ಮಜೀವಿಗಳಿಗೆ ಅದು ವಿಷ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಜಿಲ್ಲೆಗಳಲ್ಲಿ ಬೇರು ಕೊಲ್ಲಲು ಮೈಲುತುತ್ತ ಬಳಸುವುದನ್ನು ನಿಷೇಧಿಸಿದ್ದು ಇದಕ್ಕಾಗಿಯೇ; ಅಲ್ಲಿ ಮನೆ ಮಾಡಿರುವ ನನ್ನ ಶಿಷ್ಯರು ಇದನ್ನು ಗಮನಿಸಬೇಕು. ಅಮೆರಿಕದ ಕೆಲವು ನಗರಗಳಲ್ಲಿ ಬೇರುನಾಶಕವನ್ನು ನೊರೆಯ ರೂಪದಲ್ಲಿ ತುಂಬುತ್ತಾರೆ. ನೊರೆಯು ಮೇಲ್ಭಾಗವನ್ನೂ ಮುಟ್ಟುವುದರಿಂದ ಅದು ಹೆಚ್ಚು ಪರಿಣಾಮಕಾರಿ. ಆದರೆ ಅದಕ್ಕೆ ತರಬೇತಿ ಪಡೆದ ಕೈ ಬೇಕು. ಬಚ್ಚಲಿನಲ್ಲಿ ನಿಂತು ಬಕೆಟಿನಿಂದ ಸುರಿಯುವ ಕೆಲಸವದಲ್ಲ. ಅದೂ ಬಿರುಕನ್ನು ಮುಚ್ಚುವುದಿಲ್ಲ.

ಬೇರನ್ನು ಕತ್ತರಿಸುವುದೂ ಪ್ರಥಮ ಚಿಕಿತ್ಸೆಯೇ ಹೊರತು ಮದ್ದಲ್ಲ. ದಾಸವಾಳದ ತುದಿ ಸವರಿದರೆ ಕವಲು ಹೆಚ್ಚುವುದನ್ನು ನೀವು ಬಲ್ಲಿರಿ. ಬೇರಿಗೂ ಅದೇ ನಿಯಮ. ಬಿರುಕು ಹಾಗೆಯೇ ಉಳಿದರೆ ಒಂದೆರಡು ವರ್ಷದೊಳಗೆ ಹಿಂದಿಗಿಂತ ದಟ್ಟವಾದ ಜಡೆ ತಯಾರಾಗುತ್ತದೆ. ನಮ್ಮ ಬೀದಿಯಲ್ಲಿ ಅಷ್ಟು ಕಾಲವೂ ಬೇಕಾಗಲಿಲ್ಲ. ದಬ್ಬೆ ಕಿತ್ತದ್ದು ಗಂಟಿನ ಒಂದು ಭಾಗವನ್ನು ಮಾತ್ರ. ಮೂರನೆಯ ವಾರಕ್ಕೆ ಕೊಳಚೆ ಮತ್ತೆ ಉಕ್ಕಿತು.

ಈಗ ನಾನು ಮರೆಯಲಾರದ ಆ ಮಧ್ಯಾಹ್ನಕ್ಕೆ ಬರುತ್ತೇನೆ. ಗುತ್ತಿಗೆದಾರರ ಕಡೆಯವರು ಮೂವರು ಬಂದರು. ಯಂತ್ರ ಬಂದಿರಲಿಲ್ಲ. ಮುಚ್ಚಳ ತೆಗೆದು ಐದು ನಿಮಿಷ ಕೂಡ ಆಗಿರಲಿಲ್ಲ. ಅವರಲ್ಲಿ ಕಿರಿಯವನು, ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ, ಅಂಗಿ ಕಳಚಿ ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತಿದ್ದ. ಕೈಯಲ್ಲಿ ಒಂದು ಕುಡುಗೋಲು. ಮುಖಕ್ಕೆ ಏನೂ ಇಲ್ಲ. ಬೀದಿಯ ಗಣ್ಯರು ಮೂಗು ಮುಚ್ಚಿಕೊಂಡು ದೂರ ನಿಂತು ನೋಡುತ್ತಿದ್ದರು. ನಾನು ಹೋಗಿ ಗುಂಡಿಯ ಅಂಚಿನಲ್ಲಿ ನಿಂತೆ.

"ಇಳಿಯಬೇಡಪ್ಪ" ಎಂದೆ.

"ಎರಡೇ ನಿಮಿಷ ಸಾರ್. ಬೇರು ಕುಯ್ದು ಬಂದ್‌ಬಿಡ್ತೀನಿ."

"ಒಳಗೆ ಗ್ಯಾಸು ಇದೆಯೋ ಇಲ್ಲವೋ ಹೇಗೆ ಗೊತ್ತು?"

"ವಾಸನೆ ಬಂದ್ರೆ ಮೇಲೆ ಬರ್ತೀನಿ ಸಾರ್."

ಮಕ್ಕಳೇ, ಆ ಮಾತು ಕೇಳಿ ನನ್ನ ಕಾಲು ನಡುಗಿತು. ಒಳಚರಂಡಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅಲ್ಪ ಪ್ರಮಾಣದಲ್ಲಿದ್ದಾಗ ಕೊಳೆತ ಮೊಟ್ಟೆಯ ನಾತ ಬೀರುತ್ತದೆ. ಪ್ರಮಾಣ ಏರಿದಂತೆ ಅದು ಮೂಗಿನ ಗ್ರಹಣಶಕ್ತಿಯನ್ನೇ ಮರಗಟ್ಟಿಸುತ್ತದೆ. ಕೊಲ್ಲುವ ಮಟ್ಟದಲ್ಲಿ ವಾಸನೆಯೇ ತಿಳಿಯುವುದಿಲ್ಲ. ಕಟ್ಟಿಕೊಂಡ ಕೊಳವೆಯ ಹಿಂದೆ ನಿಂತು ಹುಳಿತ ಕೊಳಚೆಯನ್ನು ಕಲಕಿದೊಡನೆ ಆ ಅನಿಲವು ಒಮ್ಮೆಗೇ ಮೇಲೇಳುತ್ತದೆ. "ಎರಡೇ ನಿಮಿಷ" ಎಂದು ಇಳಿದವರು, ಅವರನ್ನು ಎತ್ತಲು ಹೋದವರು, ಎಲ್ಲರೂ ಹೀಗೆಯೇ ಸತ್ತಿದ್ದಾರೆ.

ಇದು ಕಾನೂನಿಲ್ಲದ ನಾಡಲ್ಲ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ, ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದ ನಾಡಿದು. ರಕ್ಷಣಾ ಸಾಧನಗಳಿಲ್ಲದೆ ಒಬ್ಬನನ್ನು ಒಳಚರಂಡಿಗೆ ಇಳಿಸುವುದು 2013ರ ಕೇಂದ್ರ ಕಾಯಿದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು, ತುರ್ತು ಸಂದರ್ಭದಲ್ಲಿಯೂ ಹೀಗೆ ಇಳಿಸುವುದನ್ನು ಅಪರಾಧವಾಗಿಸಬೇಕೆಂದು ಹೇಳಿ, ಪ್ರತಿಯೊಂದು ಸಾವಿಗೂ ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. 2023ರ ಅಕ್ಟೋಬರ್‌ನಲ್ಲಿ ಆ ಮೊತ್ತವನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಅದೇ ವರ್ಷದ ಕೇಂದ್ರ ಬಜೆಟ್ಟಿನಲ್ಲಿ ಮ್ಯಾನ್‌ಹೋಲ್‌ಗಳನ್ನು ಮಷಿನ್‌ಹೋಲ್‌ಗಳನ್ನಾಗಿ ಮಾಡುವ ಘೋಷಣೆಯೂ ಆಯಿತು. ಹೆಸರು ಬದಲಾದರೂ ಆ ಗುಂಡಿಯ ಬಾಯಿಯಲ್ಲಿ ನಿಂತವನು ಮನುಷ್ಯನೇ. ಅವನ ಜಾತಿಯನ್ನು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನಮ್ಮ ಮನೆಮಕ್ಕಳಲ್ಲಿ ಯಾರೂ ಆ ಹಗ್ಗವನ್ನು ಎಂದೂ ಕಟ್ಟಿಕೊಳ್ಳುವುದಿಲ್ಲವೆಂಬುದೂ ಗೊತ್ತಿತ್ತು.

ನಾನು ಅಂಚಿನಿಂದ ಕದಲಲಿಲ್ಲ. "ಈ ಮುದುಕನ ಹಟದಿಂದ ಇನ್ನೊಂದು ರಾತ್ರಿ ನಾತ ಕುಡಿಯಬೇಕು" ಎಂದು ಒಬ್ಬರು ಗೊಣಗಿದರು. ಕುಡಿದೆವು. ಮರುದಿನ ನೀರನ್ನು ಒತ್ತಡದಿಂದ ಚಿಮ್ಮಿಸುವ ಜೆಟ್ಟಿಂಗ್ ಯಂತ್ರ ಬಂತು. ಅರ್ಧ ಗಂಟೆಯಲ್ಲಿ ಕೊಳವೆ ತೆರೆಯಿತು. ಒಂದು ದಿನ ಕಾಯುವ ತಾಳ್ಮೆ ನಮಗಿಲ್ಲದಿದ್ದುದಕ್ಕೆ ಒಬ್ಬ ಹುಡುಗ ಸಾಯಬಹುದಿತ್ತು.

ಆಮೇಲೆ ನಡೆದದ್ದನ್ನು ಬರೆಯಲು ನನಗೆ ಸಂಕೋಚವಿದೆ. ಆದರೆ ಬರೆಯದಿದ್ದರೆ ಇಲ್ಲಿಯವರೆಗಿನ ಮಾತೆಲ್ಲ ಬರಿಯ ಉಪದೇಶವಾದೀತು. ನಿಮ್ಮಲ್ಲೇ ಒಬ್ಬ, ಈಗ ಎಂಜಿನಿಯರ್, ತನ್ನ ಹೆಸರು ಬೇಡವೆಂದಿದ್ದಾನೆ. ಅವನ ಪ್ರಯತ್ನದಿಂದ ಕೊಳವೆಯೊಳಗೆ ಒಂದು ಚಿಕ್ಕ ಕ್ಯಾಮೆರಾ ಓಡಿಸಲಾಯಿತು. ಬೀದಿಯವರೆಲ್ಲ ಪರದೆಯ ಮುಂದೆ ಸೇರಿದ್ದರು. ಕ್ಯಾಮೆರಾ ಮುಂದೆ ಸಾಗಿತು. ಒಂದೆಡೆ ಕೊಳವೆಯ ನೆತ್ತಿಯಿಂದ ಬೇರಿನ ಕುಚ್ಚು ಇಳಿಬಿದ್ದಿತ್ತು. ಅಲ್ಲಿ ಮುಖ್ಯ ಕೊಳವೆಗೆ ಒಂದು ಮನೆಯ ಸಂಪರ್ಕ ಸೇರುತ್ತಿತ್ತು. ದೂರವನ್ನು ಅಳೆದು ನೋಡಿದರೆ ಆ ಮನೆ ನಮ್ಮದು.

1986ರಲ್ಲಿ ಮನೆ ಕಟ್ಟಿಸುವಾಗ ಆ ಸಂಪರ್ಕವನ್ನು ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಸಂಪರ್ಕವನ್ನು ಮ್ಯಾನ್‌ಹೋಲ್‌ಗೆ ಒಯ್ಯಬೇಕಿತ್ತು, ಇಲ್ಲವೇ ಕವಲಿರುವ ಕೊಳವೆಯ ತುಂಡನ್ನು ಕೂಡಿಸಬೇಕಿತ್ತು. ನಮ್ಮ ಕೆಲಸದವನು ಉಳಿಯಿಂದ ಮುಖ್ಯ ಕೊಳವೆಯ ನೆತ್ತಿಯನ್ನು ಒಡೆದು, ನಮ್ಮ ಕೊಳವೆಯನ್ನು ತುರುಕಿ, ಸುತ್ತ ಒಂದು ಬೊಗಸೆ ಸಿಮೆಂಟು ಮೆತ್ತಿದ. "ಮಣ್ಣೊಳಗಿನದನ್ನ ಯಾರು ನೋಡ್ತಾರೆ ಸ್ವಾಮಿ?" ಎಂದ. ಸ್ವಲ್ಪ ಹಣ ಉಳಿಯುತ್ತಿತ್ತು. ನಾನು ಕೊಡೆ ಹಿಡಿದು ನಿಂತು ನೋಡಿ, ತಲೆದೂಗಿದೆ.

ಪರದೆಯ ಮುಂದೆ ಯಾರೂ ಮಾತನಾಡಲಿಲ್ಲ. ನನ್ನಾಕೆ ಮಾತ್ರ ಮೆಲ್ಲನೆ ಅಂದಳು: "ಅಲ್ಲಿಗೆ, ಇಷ್ಟು ವರ್ಷ ಆ ಮರಕ್ಕೆ ಎಲೆ ಹಾಕಿ ಬಡಿಸಿದವರು ನಾವೇ ಅನ್ನಿ."

ನೆಲ ಅಗೆಸಿ, ಒಡೆದ ತುಂಡನ್ನು ತೆಗೆಸಿ, ಕವಲಿನ ತುಂಡನ್ನು ಕೂಡಿಸಲಾಯಿತು. ಖರ್ಚು ನನ್ನದು. ಅರ್ಜಿಯ ಕಾಗದವು ಎಲ್ಲಿ ಹೋಯಿತೋ ತಿಳಿಯದು. ಹೊಂಗೆ ನಿಂತಿದೆ.

ಆದರೆ ನನ್ನ ತಪ್ಪೊಪ್ಪಿಗೆಯಿಂದ ಆಡಳಿತದ ತಪ್ಪು ಮಾಫಿಯಾಗುವುದಿಲ್ಲ. ನನ್ನಂತಹ ಸಾವಿರಾರು ಜನ ತಲೆದೂಗಿದ್ದಾರೆ, ಮಣ್ಣೊಳಗಿನದನ್ನು ಯಾರೂ ನೋಡಿಲ್ಲ. ಆದ್ದರಿಂದಲೇ ಈಗ ನೋಡಬೇಕೆಂಬುದು ನನ್ನ ವಾದ. ಬೇರು ಹೊಕ್ಕ ಕೊಳವೆಗೆ ಕ್ರಮವಾದ ಚಿಕಿತ್ಸೆಯಿದೆ. ಮೊದಲು ಕ್ಯಾಮೆರಾ, ಆಮೇಲೆ ಯಂತ್ರದಿಂದ ಬೇರಿನ ಕತ್ತರಿಕೆ, ಕೂಡಲೇ ಬಿರುಕಿನ ದುರಸ್ತಿ. ದುರಸ್ತಿಗೆ ಬೀದಿಯನ್ನೆಲ್ಲ ಅಗೆಯಲೇಬೇಕೆಂದಿಲ್ಲ. ರಾಳದಲ್ಲಿ ನೆನೆಸಿದ ಬಟ್ಟೆಯ ಚೀಲವನ್ನು ಹಳೆಯ ಕೊಳವೆಯೊಳಗೆ ಹಾಯಿಸಿ, ಉಬ್ಬಿಸಿ, ಗಟ್ಟಿಯಾಗಿಸಿ, ಕೊಳವೆಯೊಳಗೇ ಸಂದಿಲ್ಲದ ಹೊಸ ಕೊಳವೆಯನ್ನು ಮೂಡಿಸುವ ವಿಧಾನವನ್ನು ಎರಿಕ್ ವುಡ್ ಎಂಬಾತ 1971ರಲ್ಲಿಯೇ ಲಂಡನ್ನಿನಲ್ಲಿ ಮಾಡಿ ತೋರಿಸಿದ. ಮ್ಯಾನ್‌ಹೋಲ್‌ಗೆ ಮನುಷ್ಯನ ಬದಲು ಇಳಿಯುವ ಯಂತ್ರವನ್ನು ನೆರೆಯ ಕೇರಳದ ಯುವ ಎಂಜಿನಿಯರುಗಳೇ ಮಾಡಿದ್ದಾರೆ. 2018ರಲ್ಲಿ ತಿರುವನಂತಪುರದಲ್ಲಿ ಅದು ಕೆಲಸಕ್ಕಿಳಿಯಿತು. ಸಾಧನವಿಲ್ಲವೆಂಬ ನೆಪ ಇನ್ನು ಸಲ್ಲದು.

"ಮೇಷ್ಟ್ರೇ, ಇದಕ್ಕೆಲ್ಲ ದುಡ್ಡೆಲ್ಲಿದೆ? ಮರ ಕಡಿಯುವುದು ಅಗ್ಗ" ಎನ್ನುವವರಿದ್ದೀರಿ. ಪ್ರತಿ ವರ್ಷ ಬೇರು ಕೀಳಿಸುವ ಖರ್ಚು, ಕೆಟ್ಟ ಕೊಳವೆಬಾವಿಯ ಖರ್ಚು, ನೆರಳಿಲ್ಲದ ಬೀದಿಯ ಬೇಸಗೆಯ ಖರ್ಚು, ಕೊನೆಗೆ ಒಂದು ಹೆಣದ ಖರ್ಚು ಕೂಡಿಸಿ ಲೆಕ್ಕ ಹಾಕಿ. ಕೂಡುವ ಲೆಕ್ಕವನ್ನಾದರೂ ನಮ್ಮ ಶಾಲೆಯಲ್ಲಿ ಸರಿಯಾಗಿ ಕಲಿಸಿದ್ದೇವೆಂದು ನಂಬಿದ್ದೇನೆ. ಊರಿನ ಕೊಳವೆಗಳನ್ನೆಲ್ಲ ಒಂದೇ ವರ್ಷದಲ್ಲಿ ಬದಲಿಸಿರೆಂದೂ ನಾನು ಹೇಳುತ್ತಿಲ್ಲ. ಒಂದೇ ಜಾಗದಿಂದ ಮೂರು ಸಲ ದೂರು ಬಂದರೆ, ನಾಲ್ಕನೆಯ ಸಲ ದಬ್ಬೆಯ ಬದಲು ಕ್ಯಾಮೆರಾ ಬರಲಿ. ಇಷ್ಟು ಮಾಡಿದರೆ ಸಾಕು, ಕೆಟ್ಟ ಸಂದುಗಳು ತಾವಾಗಿ ಬೆಳಕಿಗೆ ಬರುತ್ತವೆ.

ಮರದ ಪರವಾಗಿ ಮಾತನಾಡುವ ನಾನು ಮರ ನೆಡುವವರಿಗೂ ಒಂದು ಮಾತು ಹೇಳಬೇಕು. ಆಲ, ಅರಳಿ, ಬಸರಿಗಳು ದೊಡ್ಡ ಬಯಲಿಗೆ ತಕ್ಕವು. ಮೂವತ್ತಡಿ ರಸ್ತೆಯ ಬದಿಯಲ್ಲಿ, ಕೊಳವೆಯ ನೆತ್ತಿಯ ಮೇಲೆಯೇ ಅವನ್ನು ನೆಡುವುದು ಭಕ್ತಿಯಾದೀತು, ವಿವೇಕವಾಗದು. ಗುಂಡಿ ತೋಡುವ ಮುನ್ನ ಕೊಳವೆ ಎಲ್ಲಿ ಹಾದಿದೆಯೆಂದು ಕೇಳಿ. ಅದರಿಂದ ಕೆಲವು ಮೀಟರು ದೂರ ಸರಿಯಿರಿ. ಜಾಗವಿಲ್ಲದಿದ್ದರೆ ಚಿಕ್ಕ ಮರವನ್ನು ಆರಿಸಿ, ಬೇರಿಗೆ ತಡೆಹಲಗೆ ಇಡಿಸಿ. ಅಡಿಗೆಮನೆಯ ಕರಿದ ಎಣ್ಣೆಯನ್ನು ತೊಟ್ಟಿಗೆ ಸುರಿಯಬೇಡಿ.

ಇನ್ನು ಮನೆ ಕಟ್ಟಿಸುತ್ತಿರುವ ನನ್ನ ಶಿಷ್ಯರಿಗೆ ಮತ್ತು ಅಕ್ಕನ ಮೊಮ್ಮಕ್ಕಳಿಗೆ ಒಂದೇ ಕೋರಿಕೆ. ಚರಂಡಿಯ ಸಂಪರ್ಕ ಕೂಡಿಸುವ ದಿನ ಕಚೇರಿಗೆ ರಜೆ ಹಾಕಿ ಅಲ್ಲಿ ನಿಲ್ಲಿ. ಮಣ್ಣು ಮುಚ್ಚುವ ಮೊದಲು ಸಂದನ್ನು ನೋಡಿ, ನೀರು ಬಿಟ್ಟು ಪರೀಕ್ಷಿಸಿ. "ಯಾರು ನೋಡ್ತಾರೆ" ಎಂದು ಕೇಳಿದರೆ, ನಾನು ನೋಡುತ್ತೇನೆ ಎನ್ನಿ. 1986ರಲ್ಲಿ ಆ ಒಂದು ಮಾತನ್ನು ನಾನು ಆಡಿದ್ದರೆ, ಆ ಹುಡುಗ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನನ್ನ ಮನೆಯ ಮುಂದೆ ನಿಲ್ಲುವ ಪ್ರಸಂಗವೇ ಬರುತ್ತಿರಲಿಲ್ಲ.

ಎಲ್ಲರಿಗೂ ಒಳಿತಾಗಲಿ.

ನಿಮ್ಮ ಮೇಷ್ಟರು